ಸಣ್ಣೀರ ಬೀಗದ ನಂಬರ್ ಹೇಳಲಿಲ್ಲ

ಸರ್ಕಾರದವರ ಕೈಲೂ ಒಡೆಯಲಾಗದ ಬೀಗ ಉಂಟೇ ಅಂತೀರಾ? ಉಂಟು ಸ್ವಾಮಿ, ಉಂಟು! ಸಣ್ಣೀರನ ಅಮ್ಮನ ಮೊಬೈಲಿನಲ್ಲೇ ಇತ್ತು.

ಅವನ ಅಮ್ಮ ಚೆನ್ನಾಜಮ್ಮ ತಳ್ಳುಗಾಡಿಯಲ್ಲಿ ಸೌತೆಕಾಯಿ ಮಾರುವವಳು. ನಗರಸಭೆ ಲಾರಿ ಬಂದರೆ ರಸ್ತೆಬದಿ ಸಿಕ್ಕಿದ್ದನ್ನೆಲ್ಲ ಎತ್ತಿಕೊಂಡು ಹೋಗುತ್ತಿತ್ತು. ಅದಕ್ಕೇ ಮಾರುವ ಹೆಂಗಸರೆಲ್ಲ ಮೊಬೈಲಿನಲ್ಲಿ ಗುಂಪು ಕಟ್ಟಿಕೊಂಡು, ಲಾರಿ ಎಲ್ಲಿದೆ, ಯಾರ ಸಾಮಾನು ಎಲ್ಲಿ ಬಚ್ಚಿಟ್ಟಿದೆ ಅಂತ ಬರೆದುಕೊಳ್ಳುತ್ತಿದ್ದರು. ಚೆನ್ನಾಜಮ್ಮನಿಗೆ ಓದು ಬಾರದು. ಓದಿ ಹೇಳುವವನು ಮಗ ಸಣ್ಣೀರ. ಅಯ್ಯೋ ಅವಳ ಹಣೆಬರಹವೇ!

ಒಂದು ದಿನ ಮೊಬೈಲು ಟಣ್ ಅಂತು.

"ಗಟ್ಟಿಯಾಗಿ ಓದ್ಲಾ, ಈ ಗದ್ದಲದಾಗೆ ಕೇಳಾಕಿಲ್ಲ!"

ಸಣ್ಣೀರ ಗಾಡಿ ಹತ್ತಿ ನಿಂತು ಕೂಗಿದ. "ನಿಂಗಾಜಮ್ಮನ ತಕ್ಕಡಿ ಹುಣಸೆಮರದ ಹಿಂದೈತೇ!"

ಪಕ್ಕದಲ್ಲೇ ಟೀ ಕುಡಿಯುತ್ತಿದ್ದ ನಗರಸಭೆ ಜವಾನ ಲೋಟ ಕೆಳಗಿಟ್ಟ. ತಕ್ಕಡಿ ಹೋಯಿತು.

"ಲೇ ಕೋಣ! ಮನಸ್ನಾಗೇ ಓದ್ಕೋಬೇಕು!"

"ಆಗ್ಲಿ ಕಣಮ್ಮಾ!"

ಮಾರನೇ ದಿನ ಮತ್ತೆ ಟಣ್ ಅಂತು. ಸಣ್ಣೀರ ಓದಿದ, ತಲೆದೂಗಿದ, ಸುಮ್ಮನೆ ಕೂತ. ಲಾರಿ ಬಂದೇಬಿಟ್ಟಿತು! ಗಾಡಿ ತಳ್ಳಿಕೊಂಡು ಓಡುವಷ್ಟರಲ್ಲಿ ಛತ್ರಿ ಹೋಯಿತು, ಬುಟ್ಟಿ ಹೋಯಿತು.

"ಲಾರಿ ಬರ್ತೈತೆ ಅಂತ ಬರ್ದಿತ್ತೇನ್ಲಾ?"

"ಬರ್ದಿತ್ತು. ಮನಸ್ನಾಗೇ ಓದ್ಕಂಡೆ!"

ಚೆನ್ನಾಜಮ್ಮ ಹಣೆಹಣೆ ಚಚ್ಚಿಕೊಂಡಳು. "ಉಳಿದಿರೋದು ಗಾಡಿ ಒಂದೇ ಕಣ್ಲಾ! ಅದೂ ಹೋದ್ರೆ ಒಲೆ ಹತ್ತಾಕಿಲ್ಲ. ಆಸ್ಪತ್ರೆ ಹಿಂದೆ ಬಚ್ಚಿಟ್ಟಿವ್ನಿ, ನಿಂಗಾಜಮ್ಮ ನೋಡ್ಕೊಳ್ಲಿ ಅಂತ ಗುಂಪಿಗೆ ಬರ್ದು ಹಾಕು. ಮೊಬೈಲ್ ಬೀಗದ ನಂಬರ್ ಮಾತ್ರ ಯಾರ್ ಕೇಳಿದ್ರೂ ಹೇಳ್ಬ್ಯಾಡ!"

"ಪ್ರಾಣ ಹೋದ್ರೂ ಹೇಳಾಕಿಲ್ಲ ಕಣಮ್ಮಾ!"

ಗಾಡಿ ಎಲ್ಲಿದೆ ಅನ್ನೋದು ಆ ಮೊಬೈಲಿನಲ್ಲೇ ಇದೆ ಅಂತ ಮೂಸಿ ನೋಡಿದ ನಗರಸಭೆಯವರು ಸಣ್ಣೀರನನ್ನೇ ಮೊಬೈಲ್ ಸಮೇತ ಹಿಡಿದು ಕಚೇರಿಗೆ ಕರೆದೊಯ್ದರು. ರಾಜಧಾನಿಯಿಂದ ಕಂಪ್ಯೂಟರ್ ಪಂಡಿತನನ್ನು ಕರೆಸಿದರು. ಒಂದು ಸೌತೆಕಾಯಿ ಗಾಡಿಗೆ! ಆತ ವೈರು ಸಿಕ್ಕಿಸಿದ, ಕೀಲಿಮಣೆ ಕುಟ್ಟಿದ, ಬೆವರೊರೆಸಿಕೊಂಡ. "ಆಗಲ್ಲ ಸಾರ್. ನಮ್ಮ ಅಪ್ಪನಂಥವರು ಬಂದರೂ ಇದನ್ನ ಒಡೆಯೋಕಾಗಲ್ಲ."

ಸಣ್ಣೀರನಿಗೆ ಗದರಿದರು. ಹೇಳಲಿಲ್ಲ. ಮೈಸೂರು ಪಾಕ್ ಕೊಟ್ಟರು. ತಿಂದ, ಹೇಳಲಿಲ್ಲ!

ಹೊರಗೆ ಚೆನ್ನಾಜಮ್ಮ ಸೆರಗು ಕಚ್ಚಿಕೊಂಡು ನಿಂತಿದ್ದಳು. ಮಗ ಹಲ್ಲು ಕಿರಿಯುತ್ತ ಬಂದ.

"ನಂಬರ್ ಹೇಳಿದ್ಯೇನ್ಲಾ?"

"ಇಲ್ಲ ಕಣಮ್ಮಾ!"

ಅವಳ ಕಣ್ಣು ತುಂಬಿ ಬಂತು. ಹುಟ್ಟಿದಂದಿನಿಂದ ಮೊದಲ ಸಲ ಮಗನ ಬೆನ್ನು ತಟ್ಟಿದಳು. "ನನ್ನಪ್ಪಾ! ಮತ್ತೆ ಹೆಂಗ್ಲಾ ಬಿಟ್ರು?"

"'ನಂಬರ್ ಹೇಳ್ಬೇಡಪ್ಪ, ನೀನೇ ಒತ್ತಿ ತೆಗೆದುಕೊಡು ಸಾಕು' ಅಂದ್ರು. ತೆಗ್ದುಕೊಟ್ಟೆ!"

ಅಷ್ಟರಲ್ಲಿ ಆಸ್ಪತ್ರೆ ಕಡೆಯಿಂದ ಲಾರಿ ಬಂತು. ಅದರ ಮೇಲೆ ಚೆನ್ನಾಜಮ್ಮನ ಗಾಡಿ, ಚಕ್ರ ಮೇಲಾಗಿ. ಅವಳು ಅಲ್ಲೇ ಕುಸಿದು ಕೂತು ಗೋಳೋ ಅಂದಳು.

ಸಣ್ಣೀರ ಅಮ್ಮನ ಕಣ್ಣೀರು ಒರೆಸಿದ. "ಅಳ್ಬ್ಯಾಡ ಸುಮ್ಕಿರಮ್ಮಾ. ಈಗ್ಲೂ ಅವ್ರಿಗೆ ನಂಬರ್ ಗೊತ್ತಿಲ್ಲ!"