ಮುನಿಸಿನ ಬಾವಿ

ನಂಬುವುದಿಲ್ಲ ಅನ್ನುವವರು ಈಗಲೇ ಅನ್ನಿ. ಆಮೇಲೆ ಕರೆಮಟ್ಟಿಯ ಮುನಿಸಿನ ಬಾವಿಗೆ ಬಂದು, ಅದರ ಮೆಟ್ಟಿಲ ಮೇಲೆ ನಿಂತು ಇದೇ ಮಾತು ಹೇಳಿ ನೋಡೋಣ. ಡೋಣಿ ಸೀಮೆಯಲ್ಲಿ ಇಂಥ ಬಾವಿ ಇನ್ನೊಂದಿಲ್ಲ, ಬೇಕಾದರೆ ಹುಡುಕಿಕೊಂಡು ಬನ್ನಿ. ಅರವತ್ತಾರು ಮೆಟ್ಟಿಲು, ಗಾರೆ ಸೋಕದೆ ಕೂತ ಕರಿಕಲ್ಲು. ಸುತ್ತ ಈಗ ದ್ರಾಕ್ಷಿ ತೋಟಗಳು, ತೋಟಕ್ಕೆ ಮೂರರಂತೆ ಕೊಳವೆಬಾವಿಗಳು. ವೈನಿನ ರುಚಿ ನೋಡಲು ಜೀಪಿನಲ್ಲಿ ಬರುವವರಿಗೆ ಯಾವನೋ ಗೈಡು, ಇಬ್ಬರು ರಾಣಿಯರ ಜಗಳದಿಂದ ಈ ಹೆಸರು ಬಂತೆಂದು ಹೇಳುತ್ತಾನಂತೆ. ಅವನ ನಾಲಿಗೆಗೆ ಬರೆ ಎಳೆಯಬೇಕು. ಇಲ್ಲಿ ಯಾವ ರಾಣಿಯೂ ಕಾಲಿಟ್ಟಿರಲಿಲ್ಲ. ಇದ್ದವನು ಅಮೋಘಸಿದ್ದ.

ಹಿಂದೆ ಒಮ್ಮೆ, ಸುಲ್ತಾನರ ಕಾಲದಲ್ಲಿ, ಊರಿನ ದ್ರಾಕ್ಷಿ ತೋಟವೆಲ್ಲ ಸರ್ಜಪ್ಪ ದೇಸಾಯಿಯದು. ಅದರ ಮದ್ಯ ಅರಮನೆಗೆ ಹೋಗುತ್ತಿತ್ತು. ಬಳ್ಳಿ ನೆಟ್ಟು ಸಾಕಿದವನು ಅಮೋಘಸಿದ್ದ. ಗೊನೆ ಕೊಯ್ದ ಮೇಲೆ, ಬೇಸಿಗೆ ಏರುವ ಹೊತ್ತಿಗೆ, ಬಳ್ಳಿಗೆ ನಲವತ್ತು ದಿನ ನೀರು ಬಿಡದೆ ಉಪವಾಸ ಹಾಕುವುದು ಅವನ ಪದ್ಧತಿ. ಬಳ್ಳಿ ಎಲೆ ಉದುರಿಸಿ ಮಲಗುತ್ತಿತ್ತು, ಇದ್ದ ಒಂದೇ ಬಾವಿ ಅಷ್ಟು ದಿನ ಊರಿನ ಜನಕ್ಕೆ, ದನಕ್ಕೆ ಉಳಿಯುತ್ತಿತ್ತು. ಒಂದು ವರ್ಷ ಅರಮನೆಯವರು ಇಮ್ಮಡಿ ಮದ್ಯ ಕೇಳಿದರು. ದೇಸಾಯಿ ಉಪವಾಸ ಮುರಿದು, ಹಗಲೆಲ್ಲ ಎತ್ತು ಕಟ್ಟಿ ತೋಟಕ್ಕೆ ನೀರು ಹರಿಸಲು ಹೇಳಿದ. ಹೊಟ್ಟೆ ತುಂಬಿದ ಬಳ್ಳಿ ಎಲೆ ಬಿಡುತ್ತದೆಯೇ ಹೊರತು ಹಣ್ಣು ಬಿಡುವುದಿಲ್ಲವೆಂದು ಅಮೋಘಸಿದ್ದ ಬಗೆಬಗೆಯಾಗಿ ಹೇಳಿದ.

“ಬಳ್ಳಿ ನಂದು, ಬಾವಿ ನಂದು. ನೀ ಏನು ಅದರ ಗಂಡನೇನೋ?” ಎಂದ ದೇಸಾಯಿ. ಸುತ್ತಲಿದ್ದವರು ನಕ್ಕರು.

“ಬಾವಿ ನಿಮ್ದ ಇರಬಹುದ್ರಿ ಧಣ್ಯಾರ. ನೀರು ಯಾರ ಮನಿ ಆಳೂ ಅಲ್ಲ.”

ಇಪ್ಪತ್ತು ದಿನಕ್ಕೆ ಹೆಂಗಸರ ಕೊಡದಲ್ಲಿ ಕೆಸರು ಬಂತು. ನಕ್ಕವರ ಮನೆಯ ಕರುಗಳೇ ಮೊದಲು ಸತ್ತವು. ಆಗಲೂ ದೇಸಾಯಿಯ ಎದುರು ಒಬ್ಬ ಗಂಡಸೂ ಬಾಯಿ ತೆರೆಯಲಿಲ್ಲ. ಅಮೋಘಸಿದ್ದ ಕೊಡಲಿ ಹಿಡಿದು ತೋಟಕ್ಕೆ ನುಗ್ಗಿ, ತಾನೇ ನೆಟ್ಟ ಒಂದೊಂದು ಬಳ್ಳಿಯನ್ನೂ ಬುಡಕ್ಕೆ ಕಡಿದ. ಬಳ್ಳಿಯೇ ಇಲ್ಲದ ಮೇಲೆ ನೀರು ಯಾರಿಗೆ? ಎತ್ತು ನಿಂತವು, ಬಾವಿ ತುಂಬಿತು. ದೇಸಾಯಿ ಅವನನ್ನು ಹೊಡೆಯಲಿಲ್ಲ. ಅವನಿಗೆ ಯಾರೂ ಹನಿ ನೀರು ಕೊಡಕೂಡದೆಂದು ಡಂಗುರ ಹೊಡೆಸಿ, ಅವನು ಇಳಿಯದಂತೆ ಬಾವಿಗೆ ಕಾವಲು ಹಾಕಿಸಿದ. ನಮ್ಮ ಹಿರಿಯರು, ಹೇಳಲು ಮೈ ಉರಿಯುತ್ತದೆ, ತಲೆ ತಗ್ಗಿಸಿ ಪಾಲಿಸಿದರು. ಅವನು ಊರು ಬಿಡಲಿಲ್ಲ. ಬಾವಿಯ ಎದುರೇ ಕೂತ; ಹಳ್ಳದ ಮರಳು ತೋಡಿ ಒಸರಿದ ನೀರು ಕುಡಿದ; ಹಳ್ಳವೂ ಬತ್ತಿತು. ನೀಲವ್ವ ಎಂಬ ಸೊಸೆಯೊಬ್ಬಳು ತುಂಬಿದ ಕೊಡ ಹೊತ್ತು ಅವನತ್ತ ತಿರುಗಿದಾಗ ಅವಳ ಮಾವನೇ ರಟ್ಟೆ ಹಿಡಿದು ಎಳೆದ.

“ಹೋಗವ್ವ,” ಎಂದನಂತೆ ಅಮೋಘಸಿದ್ದ. “ನಿನ್ನ ಕೊಡ ತುಂಬೇತಲ್ಲ, ಸಾಕು.”

ಹಳ್ಳ ಬತ್ತಿದ ಮೂರನೆಯ ದಿನ ಅವನು ಸತ್ತ. ಆ ವರ್ಷ ಮಳೆ ಸುರಿಯಿತು, ಹಳ್ಳ ಕೊಳ್ಳ ಒಂದಾದವು. ಬಾವಿ ಮಾತ್ರ ದಿನಕ್ಕೊಂದು ಮೆಟ್ಟಿಲು ಕೆಳಗಿಳಿದು ಬತ್ತಿತು ಎನ್ನುತ್ತಾರೆ. ಯಾರಿಗೂ ನೀರು ಇಲ್ಲವೆನ್ನುವುದಿಲ್ಲ ಎಂದು ಊರೆಲ್ಲ ಅದರ ತಳದಲ್ಲಿ ನಿಂತು ಆಣೆ ಮಾಡಿದ ಮೇಲೆಯೇ ಅದರ ಮುನಿಸು ಇಳಿಯಿತಂತೆ. ಇವತ್ತಿಗೂ ಮೇಲಿನ ಮೆಟ್ಟಿಲ ಮೇಲೆ ತುಂಬಿದ ಕೊಡವೊಂದು ಇರುತ್ತದೆ. ಯಾರು ಬೇಕಾದರೂ ಕುಡಿಯಬಹುದು. ಜೀಪಿನವರು ಅದರ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅಮೋಘಸಿದ್ದನಿಗೂ ಕೊನೆಗೆ ನೀಲವ್ವನ ಕೈಯಿಂದ ಒಂದು ಕೊಡ ನೀರು ಸಿಕ್ಕಿತು, ಹೆಣ ತೊಳೆಯುವುದಕ್ಕೆ.