ಬಂಡೆಯ ಮೇಲೆ ಅಲೆಯ ಗೆರೆ

ಭೂಮಿ ಇನ್ನೂ ಹೊಸತು. ಬೆಟ್ಟಗಳಿಗೆ ಹೆಸರಿಲ್ಲ, ಹೊಳೆಗಳಿಗೆ ದಾರಿ ಸರಿಯಾಗಿ ಗೊತ್ತಿಲ್ಲ. ಆ ಕಾಲದಲ್ಲಿ ಒಂದು ಕಡಲಂಚಿನಲ್ಲಿ ಮರಳವ್ವ ಒಬ್ಬಳೇ ಇದ್ದಳು.

ಅವಳ ಹತ್ತಿರ ಬರುತ್ತಿದ್ದದ್ದು ಒಂದೇ ಒಂದು ಪುಟ್ಟ ಅಲೆ. ದಿನಾ ಬಂದು ಅವಳ ಮೈಮೇಲೆ ಬಾಗುಬಾಗಾದ ಗೆರೆ ಎಳೆಯುತ್ತಿತ್ತು, ತಾನೇ ಅಳಿಸಿ ಹೋಗುತ್ತಿತ್ತು.

ಒಂದು ದಿನ ಕಡಲು ಹಿಂದೆ ಸರಿಯತೊಡಗಿತು. ಅಲೆ ಕಡೆಯ ಸಲ ಬಂತು.

“ಅವ್ವಾ, ಕಡಲು ಹೋದಲ್ಲಿ ನಾನೂ ಹೋಗಬೇಕು. ಈ ಗೆರೆ ಮಾತ್ರ ಅಳಿಸಗೊಡಬ್ಯಾಡ. ತಿರುಗಿ ಬಂದಾಗ ಇದನ್ನ ನೋಡೇ ನಿನ್ನ ಗುರುತು ಹಿಡೀತೀನಿ.”

ಮರಳವ್ವ ಆಗಲಿ ಎಂದಳು. ಮಾತು ಕೊಟ್ಟಾಯಿತು.

ಮರುದಿನವೇ ಗಾಳಿ ಬಂದು ನಕ್ಕಿತು. “ನಿನ್ನ ಕೈಯಾಗ ಏನು ಉಳಿದೈತಿ ಮರಳವ್ವ? ನಿನ್ನೆ ಬಿದ್ದ ಮಳೆಹನಿ ಗುರುತು ಎಲ್ಲೈತಿ, ತೋರಿಸು ನೋಡೂಣು.”

ಗಾಳಿ ಹೇಳಿದ್ದು ಸುಳ್ಳಲ್ಲ. ಒಂದು ಗೆರೆಯ ತುದಿ ಆಗಲೇ ಉದುರುತ್ತಿತ್ತು.

ಬೆಟ್ಟದಿಂದ ಕೆಸರು ಹೊತ್ತು ಬರುತ್ತಿದ್ದ ಹೊಳೆಯಜ್ಜಿಯನ್ನು ಮರಳವ್ವ ಕೂಗಿದಳು. ಅಜ್ಜಿ ನಿಂತು ನೋಡಿದಳು. ತನ್ನಲ್ಲಿರುವುದು ಕೆಸರೊಂದೇ, ಅದನ್ನೇ ಹೊದಿಸುತ್ತೇನೆ, ಗಾಳಿಗೆ ಸಿಗುವುದಿಲ್ಲ ಎಂದಳು. ಆಮೇಲೆ ದನಿ ತಗ್ಗಿಸಿದಳು.

“ಆದರ ಮುಚ್ಚಿದ ಮ್ಯಾಲೆ ನಿನಗೂ ಕಾಣೂದಿಲ್ಲವ್ವ. ಒಂದು ಸಲ ಮಗ್ಗಲು ಬದಲಿಸಿದರೂ ಗೆರೆ ಕೆಡತೈತಿ.”

ಮರಳವ್ವ ಗೆರೆಗಳನ್ನು ಇನ್ನೊಮ್ಮೆ ನೋಡಿಕೊಂಡಳು.

“ಮುಚ್ಚು,” ಎಂದಳು.

ಮೊದಲ ವರ್ಷ ತೆಳ್ಳನೆಯ ಕೆಸರು. ಮರುವರ್ಷ ಅದರ ಮೇಲೆ ಮರಳು. ಮತ್ತೆ ಕೆಸರು, ಮತ್ತೆ ಮರಳು. ಪ್ರತಿ ನೆರೆಗೂ ಒಂದು ಪದರ. ಭಾರ ಏರಿತು. ಮರಳವ್ವ ಅಲುಗಲಿಲ್ಲ.

ಆ ಕತ್ತಲಲ್ಲಿ ಮಾತಾಡಲು ಯಾರೂ ಇರಲಿಲ್ಲ. ನೆಲದೊಳಗಿನ ಕೆಂಪು ನೀರು ಮಾತ್ರ ಜಿನುಗಿ ಬಂದು, ಹರಳು ಹರಳಿನ ನಡುವೆ ಅಂಟಾಗಿ ಉಳಿಯಿತು. ಎಷ್ಟೋ ಕಾಲದ ಮೇಲೆ, ಮೇಲೆಲ್ಲೋ ನೀರಿನ ಸದ್ದಾಯಿತು. ಅಲೆ ಬಂತೆಂದು ಮರಳವ್ವ ಏಳಹೋದಳು. ಏಳಲಾಗಲಿಲ್ಲ. ಅವಳು ಕಲ್ಲಾಗಿದ್ದಳು. ಆ ಸದ್ದು ಮಳೆಯದು.

ನೆಲ ಮೇಲೆದ್ದಿತು. ಹೊದಿಸಿದ ಹೊಳೆಯಜ್ಜಿಯೇ ಕೊರೆದು ಕೊರೆದು ಹೊದಿಕೆ ತೆಗೆದಳು. ಮರಳವ್ವ ಮೈ ನೋಡಿಕೊಂಡಳು. ಗೆರೆಗಳೆಲ್ಲ ಇದ್ದವು, ಒಂದೂ ಕಡಿಮೆಯಿಲ್ಲ. ತಲೆಯೆತ್ತಿದಳು. ಕಣ್ಣಿಗೆಟಕುವ ದೂರದಲ್ಲಿ ಕಡಲಿರಲಿಲ್ಲ.

ಗಾಳಿ ಬಂತು. ಈ ಸಲ ನಗಲಿಲ್ಲ. ಗೆರೆಗಳ ಮೇಲೆ ಕೈಯಾಡಿಸಿ ಹೋಯಿತು.

ಅದಕ್ಕೇ ನೋಡು ಮಗು, ಮಲಪ್ರಭೆಯ ಸೀಮೆಯ ಕೆಂಪು ಬಂಡೆ ಇವತ್ತಿಗೂ ಪದರ ಪದರವಾಗಿ ಏಳುತ್ತದೆ. ಕಡಲನ್ನೇ ಕಾಣದ ಆ ನೆಲದಲ್ಲಿ ಅಂಗೈಯಿಟ್ಟರೆ ಅಲೆಯ ಗೆರೆ ತಗಲುತ್ತದೆ.