ಬ್ರೈನೆ ಅಳೆದ ಮೂಲೆ

ಬಹಳ ಹಿಂದೆ, ಒಂದೂರಿನಲ್ಲಿ, ಬ್ರೈನೆ ಅನ್ನುವ ಹೆಂಗಸು ಇದ್ದಳು. ಊರಿನ ಹೆಸರು ಮಾತ್ರ ಕೇಳಬೇಡಿ. ನನ್ನ ಅಜ್ಜಿ ಒಂದು ಹೆಸರು ಹೇಳುತ್ತಿದ್ದಳು, ಅಜ್ಜಿಯ ತಂಗಿ ಇನ್ನೊಂದು ಹೇಳುತ್ತಿದ್ದಳು, ಇದೇ ವಿಷಯಕ್ಕೆ ಅವರಿಬ್ಬರೂ ಒಂದು ವರ್ಷ ಮಾತು ಬಿಟ್ಟಿದ್ದರು. ನದಿಯಿತ್ತು, ಹಿಟ್ಟಿನ ಗಿರಣಿಯಿತ್ತು, ನಮ್ಮ ಯಹೂದಿಗಳ ಮನೆಗಳಿದ್ದವು, ಎಲ್ಲದರ ಮೇಲೆ ಒಬ್ಬ ಜಮೀನ್ದಾರನಿದ್ದ. ಅಷ್ಟು ಗೊತ್ತಿದ್ದರೆ ಸಾಕು.

ಆಗ ಹೀಗೆ ಮಾಡುತ್ತಿದ್ದರು. ಯೋಮ್ ಕಿಪ್ಪುರ್, ಅಂದರೆ ನಮ್ಮ ದೊಡ್ಡ ಉಪವಾಸ, ಬರುವ ಮುಂಚೆ ಹೆಂಗಸರೆಲ್ಲ ಸ್ಮಶಾನಕ್ಕೆ ಹೋಗಿ ಹತ್ತಿಯ ನೂಲಿನಿಂದ ಗೋರಿಗಳನ್ನು ಅಳೆಯುತ್ತಿದ್ದರು. ಒಬ್ಬಳು ಉಂಡೆ ಬಿಚ್ಚುತ್ತಾ ಮುಂದೆ ನಡೆಯುವುದು, ಉಳಿದವರು ಹಿಂದೆ ಸುತ್ತಿಕೊಳ್ಳುತ್ತಾ ಬರುವುದು. ಪ್ರತಿ ಗೋರಿಯ ಹತ್ತಿರ ನಿಂತು, ಸತ್ತವರನ್ನು ಹೆಸರು ಹಿಡಿದು ಕರೆದು, ದೇವರ ಹತ್ತಿರ ನಮ್ಮ ಪರವಾಗಿ ಒಂದು ಮಾತು ಹೇಳಿ ಅಂತ ಬೇಡಿಕೊಳ್ಳುವುದು. ಆಮೇಲೆ ಅದೇ ನೂಲನ್ನು ಬತ್ತಿ ಮಾಡಿ, ಮೇಣದಲ್ಲಿ ಅದ್ದಿ, ಉಪವಾಸದ ಸಂಜೆ ಪ್ರಾರ್ಥನಾ ಮಂದಿರದಲ್ಲಿ ಹಚ್ಚುವುದು.

ಮುಂದೆ ನಡೆಯುವವಳು ಬ್ರೈನೆ. ಅವಳ ಕೈಯ ಉಂಡೆ ಎಂದೂ ಮುಗಿಯುತ್ತಿರಲಿಲ್ಲ ಅಂತಾರೆ. ನೂಲು ಹರಿದರೆ ಅವಳು ಬೆರಳಿಟ್ಟರೆ ಸಾಕು, ಗಂಟಿಲ್ಲದೆ ಕೂಡಿಕೊಳ್ಳುತ್ತಿತ್ತು ಅಂತಾರೆ. ನಾನಂತೂ ನಂಬುವುದಿಲ್ಲ. ಮುಗಿದರೆ ಮನೆಗೆ ಹೋಗಿ ಇನ್ನೊಂದು ಉಂಡೆ ತರುತ್ತಿದ್ದಳು, ಹರಿದರೆ ಗಂಟು ಹಾಕುತ್ತಿದ್ದಳು. ಆದರೆ ಒಂದಕ್ಷರ ಬಾರದ ಅವಳಿಗೆ ಸ್ಮಶಾನದಲ್ಲಿರುವವರ ಹೆಸರೆಲ್ಲ ಬಾಯಿಪಾಠ ಇತ್ತು ಅನ್ನುವುದು ನಿಜ. ಅವಳು ಬೇಡುತ್ತಿದ್ದುದೆಲ್ಲ ನಮ್ಮ ಮನೆಮಾತಾದ ಯಿಡ್ಡಿಷ್‌ನಲ್ಲಿ. ಗಂಡಸರ ಪ್ರಾರ್ಥನೆ ಹೀಬ್ರೂ, ಗ್ರಂಥ ಹೀಬ್ರೂ. ಯಿಡ್ಡಿಷ್ ಅಂದರೆ ಅಡುಗೆಮನೆಯದು, ಸಂತೆಯದು, ತೊಟ್ಟಿಲ ಪಕ್ಕದ್ದು. ದೇವರಿಗೆ ಎರಡೂ ಬರುತ್ತವೆ ಅಂತ ಬ್ರೈನೆ ಹೇಳುತ್ತಿದ್ದಳಂತೆ.

ಸ್ಮಶಾನದ ಕೆಳಗೆ, ಬೇಲಿಯ ಹತ್ತಿರ ಒಂದು ಮೂಲೆಯಿತ್ತು. ಅಲ್ಲಿ ಒಂದು ಕಲ್ಲೂ ಇರಲಿಲ್ಲ, ಬರೀ ಹುಲ್ಲು. ಹೆಸರಿಡುವ ಮುಂಚೆಯೇ ತೀರಿಕೊಂಡ ಕೂಸುಗಳನ್ನು ಅಲ್ಲಿ ಹೂಳುತ್ತಿದ್ದರು. ನಮ್ಮಲ್ಲಿ ಗಂಡು ಕೂಸಿಗೆ ಎಂಟನೆಯ ದಿನ ಹೆಸರು. ಹೆಣ್ಣು ಕೂಸಿಗೆ ತಂದೆ ಮಂದಿರಕ್ಕೆ ಹೋಗಿ ಗ್ರಂಥದ ಮುಂದೆ ನಿಂತ ದಿನ ಹೆಸರು. ಅಲ್ಲಿಯವರೆಗೆ ಬದುಕದಿದ್ದರೆ ಹೆಸರಿಲ್ಲ. ಹೆಸರಿಲ್ಲದಿದ್ದರೆ ಸತ್ತವರ ಪುಸ್ತಕದಲ್ಲಿ ಒಂದು ಗೆರೆಯೂ ಇಲ್ಲ. ಹುಟ್ಟಿ ಒಂದು ತಿಂಗಳಾಗದ ಕೂಸಿಗೆ ಶೋಕ ಆಚರಿಸುವ ಪದ್ಧತಿಯೂ ಇಲ್ಲ. ಹೆತ್ತವಳು ಮೂರನೆಯ ದಿನ ಎದ್ದು ಒಲೆ ಹಚ್ಚಬೇಕಿತ್ತು.

ಆದರೆ ತಾಯಂದಿರು ಬ್ರೈನೆಯ ಕಿವಿಯಲ್ಲಿ ಒಂದು ಹೆಸರು ಹೇಳುತ್ತಿದ್ದರು, ಮನೆಮಾತಿನ ಹೆಸರು. ಎಪೆಲೆ, ಅಂದರೆ ಪುಟ್ಟ ಸೇಬು. ಶ್ಟೆರ್ನೆಲೆ, ಅಂದರೆ ಪುಟ್ಟ ನಕ್ಷತ್ರ. ಒಂದು ಕೂಸಿನ ಹೆಸರು ಕ್ನೈದೆಲೆ, ಅಂದರೆ ಸಾರಿನಲ್ಲಿ ಬೇಯಿಸುವ ಹಿಟ್ಟಿನುಂಡೆ, ಅಷ್ಟು ದುಂಡಗಿತ್ತಂತೆ. ಹೀಗೆ ಹತ್ತೊಂಬತ್ತು. ಬ್ರೈನೆ ಪ್ರತಿ ವರ್ಷ ಆ ಹುಲ್ಲಿನ ಮೇಲೂ ನೂಲು ಹಿಡಿದು ನಡೆದು ಹತ್ತೊಂಬತ್ತು ಹೆಸರೂ ಹೇಳುತ್ತಿದ್ದಳು.

ಒಂದು ವರ್ಷ ಜಮೀನ್ದಾರನ ಪಾರುಪತ್ಯಗಾರ ನಮ್ಮವರ ಧರ್ಮಗುರು ರಬ್ಬಿ ಅವಿಗ್ದೋರರ ಮನೆಗೆ ಬಂದ. ಗಿರಣಿಗೆ ನೆಟ್ಟಗೆ ಒಂದು ರಸ್ತೆ ಬೇಕು, ಅದು ನಿಮ್ಮ ಸ್ಮಶಾನದ ಕೆಳಗಿನ ಮೂಲೆಯ ಮೇಲೆ ಹಾಯುತ್ತದೆ, ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದ. ರಬ್ಬಿ ಒಳ್ಳೆಯವರು, ಬಹಳ ಓದಿಕೊಂಡವರು. ಓದಿದ್ದೇ ಇಲ್ಲಿ ತೊಂದರೆಗೆ ಬಂತು. ಸತ್ತವರ ಪುಸ್ತಕ ತೆಗೆದರು, ಮೊದಲಿನಿಂದ ಕೊನೆಯವರೆಗೆ ನೋಡಿದರು, ಆ ಮೂಲೆಯಲ್ಲಿ ಯಾರೂ ಇಲ್ಲ ಅಂದರು. ಹಾಗಾದರೆ ನಿಮ್ಮ ಉಪವಾಸ ಮುಗಿದ ಮಾರನೆಯ ದಿನ ಜಲ್ಲಿಯ ಗಾಡಿ ಬರುತ್ತದೆ ಅಂತ ಹೇಳಿ ಅವನು ಹೋದ.

ಬ್ರೈನೆ ರಬ್ಬಿಯವರ ಹತ್ತಿರ ಹೋಗಿ ಹತ್ತೊಂಬತ್ತು ಹೆಸರನ್ನೂ ಹೇಳಿದಳು. ಇವು ಹೆಸರಲ್ಲಮ್ಮ, ತೊಟ್ಟಿಲ ಮಾತು, ಇವನ್ನು ಪುಸ್ತಕದಲ್ಲಿ ಬರೆಯಲು ಬರುವುದಿಲ್ಲ ಅಂದರು ರಬ್ಬಿ. ಬ್ರೈನೆ ವಾದ ಮಾಡಲಿಲ್ಲ, ಅಳಲೂ ಇಲ್ಲ. ನೆಟ್ಟಗೆ ಹೋಗಿ ಊರಿನ ಒಂದೊಂದೇ ಮನೆಯ ಹಿಂಬಾಗಿಲು ತಟ್ಟಿದಳು. ಅವಳು ಏನು ಹೇಳಿದಳೋ ಗಂಡಸರಿಗೆ ಇವತ್ತಿಗೂ ಗೊತ್ತಿಲ್ಲ ಅಂತಾರೆ.

ಸಂಜೆಗೆ ಉಪವಾಸ ಶುರುವಾಗುವ ದಿನ ಬೆಳಿಗ್ಗೆ ಹೆಂಗಸರೆಲ್ಲ ಸ್ಮಶಾನಕ್ಕೆ ಹೋದರು. ದೊಡ್ಡ ಗೋರಿಗಳ ಕಡೆಗೆ ಹೋಗಲಿಲ್ಲ. ಕೆಳಗಿನ ಮೂಲೆಗೆ ಹೋಗಿ, ಬ್ರೈನೆ ತೋರಿಸಿದ ಕಡೆ ಒಬ್ಬೊಬ್ಬಳು ತನ್ನ ಕೂಸಿನ ಪಕ್ಕ ನಿಂತಳು. ಒಂದೇ ನೂಲನ್ನು ಎಲ್ಲರೂ ಹಿಡಿದುಕೊಂಡರು. ತಾಯಿ ತೀರಿಹೋಗಿದ್ದ ಕಡೆ ಅಕ್ಕನೋ ಸೊಸೆಯೋ ನಿಂತಿದ್ದಳು. ಹೊತ್ತು ಏರಿತು. ಯಾರೂ ಅಲುಗಲಿಲ್ಲ.

ಮಧ್ಯಾಹ್ನ ಮಂದಿರದ ಸೇವಕ ಓಡಿಬಂದ. ಮೇಣದಬತ್ತಿ ಒಂದೂ ಬಂದಿಲ್ಲ, ಸೂರ್ಯ ಮುಳುಗಿದರೆ ಬೆಂಕಿ ಮುಟ್ಟುವ ಹಾಗಿಲ್ಲ, ವರ್ಷದ ದೊಡ್ಡ ಪ್ರಾರ್ಥನೆಗೆ ಕತ್ತಲಲ್ಲಿ ನಿಲ್ಲಬೇಕೇ ಅಂದ. ನಿಲ್ಲಿ ಅಂದಳು ಬ್ರೈನೆ. ಈ ಮೂಲೆ ಬಿಟ್ಟು ಅಳೆದ ನೂಲು ಗಿಡ್ಡವಾಗುತ್ತದೆ, ಗಿಡ್ಡ ನೂಲಿಗೆ ನಾವು ಮೇಣ ಹಾಕುವುದಿಲ್ಲ, ಹೋಗಿ ಹೇಳು ಅಂದಳು. ಅವನು ಬಂದ ದಾರಿಯಲ್ಲೇ ಓಡಿದ.

ಆಗ ರಬ್ಬಿಯವರೇ ಬಂದರು. ಕಂಕುಳಲ್ಲಿ ಪುಸ್ತಕವಿತ್ತು, ಮುಖದಲ್ಲಿ ಸಿಟ್ಟಿತ್ತು. ಹೆಂಗಸರಿಗೆ ಬುದ್ಧಿ ಹೇಳಲು ಬಾಯಿ ತೆರೆದವರು ಅಲ್ಲಿಗೇ ನಿಂತುಬಿಟ್ಟರು. ಬೇಲಿಯಿಂದ ಮೂರನೆಯ ಜಾಗದಲ್ಲಿ, ನೂಲು ಹಿಡಿದು, ಅವರ ಹೆಂಡತಿ ಹಾದೆಸ್ ನಿಂತಿದ್ದಳು.

"ನೀನು ಇಲ್ಲಿ ಯಾಕೆ ನಿಂತಿದ್ದೀಯ?" ಅಂದರು ರಬ್ಬಿ.

"ನಮ್ಮ ಮಗಳು ಇಲ್ಲಿದ್ದಾಳೆ. ಎರಡು ದಿನ ಇದ್ದಳಲ್ಲ, ಅವಳು. ಎಲ್ಲಿ ಹೂತರು ಅಂತ ನೀವು ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ."

ರಬ್ಬಿ ಕಲ್ಲುಹೃದಯದವರಲ್ಲ. ಕೇಳಬಾರದು ಅಂತ ಓದಿದ್ದರು, ಅದಕ್ಕೇ ಕೇಳಿರಲಿಲ್ಲ, ಆ ಸಂಕಟವನ್ನು ಅಷ್ಟು ವರ್ಷ ಒಬ್ಬರೇ ನುಂಗಿಕೊಂಡಿದ್ದರು. ನನಗೆ ಅವರ ಮೇಲೆ ಸಿಟ್ಟೂ ಬರುತ್ತದೆ, ಅಯ್ಯೋ ಅಂತಲೂ ಅನ್ನಿಸುತ್ತದೆ.

"ಅವಳಿಗೆ ಹೆಸರು ಇಟ್ಟೆಯಾ?" ಅಂತ ಕೊನೆಗೆ ಕೇಳಿದರು.

"ಫೈಗೆಲೆ," ಅಂದಳು ಹಾದೆಸ್. ಅಂದರೆ ಪುಟ್ಟ ಹಕ್ಕಿ.

ರಬ್ಬಿ ಹುಲ್ಲಿನ ಮೇಲೆ ಕೂತರು. ಸೇವಕನನ್ನು ಕಳಿಸಿ ಶಾಯಿ ತರಿಸಿದರು. ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು ಬರೆದರು: ಫೈಗೆಲೆ, ಅವಿಗ್ದೋರ್ ಮತ್ತು ಹಾದೆಸ್ ಇವರ ಮಗಳು. ಆ ಪುಸ್ತಕದೊಳಗೆ ಯಿಡ್ಡಿಷ್ ಮಾತು ಬಂದದ್ದು ಅದೇ ಮೊದಲು. ಆಮೇಲೆ ಬ್ರೈನೆ ಹೇಳುತ್ತಾ ಹೋದಳು, ಅವರು ಬರೆಯುತ್ತಾ ಹೋದರು. ಹಿಟ್ಟಿನುಂಡೆಯ ಹೆಸರು ಬಂದಾಗ ಲೇಖನಿ ನಿಂತಿತಂತೆ, ಇದನ್ನೂ ಬರೆಯಲೇಬೇಕೇ ಅಂತ ಕೇಳಿದರಂತೆ. ಬರೆಯಲೇಬೇಕು ಅಂದಳು ಆ ಕೂಸಿನ ತಾಯಿ. ಬರೆದರು.

ಹತ್ತೊಂಬತ್ತೂ ಮುಗಿದ ಮೇಲೆ ನೂಲು ಅಲುಗಿತು, ಸ್ಮಶಾನವನ್ನೆಲ್ಲ ಸುತ್ತಿ ಬಂತು. ಮೇಣ ಕುದಿಸಿ, ಅದ್ದಿ, ಮಂದಿರಕ್ಕೆ ತಂದು ಹಚ್ಚುವಾಗ ಸೂರ್ಯ ಇನ್ನೊಂದು ಅಂಗುಲ ಉಳಿದಿದ್ದ ಅಂತಾರೆ. ಮೇಣ ಇನ್ನೂ ಗಟ್ಟಿಯಾಗಿರಲಿಲ್ಲ, ಬತ್ತಿಗಳೆಲ್ಲ ಸೊಟ್ಟಗೆ ಬಾಗಿ ನಿಂತಿದ್ದವು. ಒಂದೂ ಆರಲಿಲ್ಲ ಅಂತಾರೆ.

ಉಪವಾಸ ಮುಗಿದ ಮಾರನೆಯ ದಿನ ರಬ್ಬಿ ಪುಸ್ತಕ ಹಿಡಿದು, ಜಲ್ಲಿಯ ಗಾಡಿಗೆ ಅಡ್ಡ ನಿಂತು, ತಮ್ಮ ಮಾತು ತಪ್ಪಾಗಿತ್ತು, ಇಲ್ಲಿ ಹತ್ತೊಂಬತ್ತು ಜನ ಇದ್ದಾರೆ ಅಂತ ಹೇಳಿದರು. ಪಾರುಪತ್ಯಗಾರನಿಗೆ ಆ ಅಕ್ಷರ ಒಂದೂ ಬಾರದು. ಅವನು ಟೋಪಿ ತೆಗೆದ ಅಂತ ಕೆಲವರು ಹೇಳುತ್ತಾರೆ, ಬೈದುಕೊಂಡು ಹೋದ ಅಂತ ಕೆಲವರು. ಆದರೆ ರಸ್ತೆ ಅಲ್ಲಿ ಬಾಗಿತು, ಆ ಮೂಲೆಯನ್ನು ಬಳಸಿಕೊಂಡು ಗಿರಣಿಗೆ ಹೋಯಿತು.

ಆ ಊರು ಈಗ ಇಲ್ಲ. ಅದು ಹೇಗೆ ಹೋಯಿತು ಅನ್ನುವುದನ್ನು ಇವತ್ತು ಹೇಳಲು ನನಗೆ ಮನಸ್ಸಿಲ್ಲ. ಅಲ್ಲಿಂದ ಉಳಿದು ಬಂದವರು ಎಲ್ಲೆಲ್ಲೋ ಇದ್ದಾರೆ, ಅವರ ಮೊಮ್ಮಕ್ಕಳಿಗೆ ಯಿಡ್ಡಿಷ್ ಬರುವುದಿಲ್ಲ, ನಿಮ್ಮ ಹಾಗೆಯೇ. ಆದರೂ ಉಪವಾಸಕ್ಕೆ ಮುಂಚೆ ನಾವು ಹೆಂಗಸರು ಊಟದ ಮೇಜಿನ ಮೇಲೆ ನೂಲು ಹಾಸುತ್ತೇವೆ. ಸತ್ತವರಿಗೆ ಒಬ್ಬೊಬ್ಬರಿಗೆ ಒಂದು ಮೊಳ ಅಳೆಯುತ್ತೇವೆ, ಹೀಬ್ರೂ ಹೆಸರು ಹೇಳುತ್ತೇವೆ. ಎಲ್ಲ ಮುಗಿದ ಮೇಲೆ, ಹೆಸರಿಡುವಷ್ಟು ದಿನ ಇರದವರಿಗೆ ಒಂದೊಂದು ಗೇಣು. ಅವರ ಹೆಸರನ್ನು ಯಿಡ್ಡಿಷ್‌ನಲ್ಲೇ ಹೇಳಬೇಕು. ಆ ಭಾಷೆಯ ಬೇರೆ ಒಂದು ಮಾತೂ ಬಾರದವರಿಗೂ ಅದೊಂದು ಮಾತು ಬರಬೇಕು.

ಬನ್ನಿ, ಈ ತುದಿ ಹಿಡಿದುಕೊಳ್ಳಿ. ನಿಮ್ಮ ಅಮ್ಮ ಹುಟ್ಟುವ ಮುಂಚೆ ನನಗೊಬ್ಬ ಮಗ ಹುಟ್ಟಿದ್ದ. ಮೂರು ದಿನ ಇದ್ದ. ಅವನ ಹೆಸರು ಬೆರೆಲೆ, ಅಂದರೆ ಕರಡಿಮರಿ. ಒಂದು ಗೇಣು ಅಳೆದು, ಎಲ್ಲರೂ ಒಟ್ಟಿಗೆ ಹೇಳಿ.